ತೂಕದವನು

ಕರಾಕೋಯ್ ಹಡಗುಕಟ್ಟೆಯ ಮೆಟ್ಟಿಲ ಪಕ್ಕ
ನನ್ನದೊಂದು ತೂಕದ ಯಂತ್ರ, ಕೂರಲು ರಟ್ಟಿನ ತುಂಡು.
ನಾಣ್ಯ ಹಾಕಿ ಹತ್ತುತ್ತಾರೆ, ನಿಟ್ಟುಸಿರಿಟ್ಟು ಇಳಿಯುತ್ತಾರೆ.
ಹೇಳುವುದೆಲ್ಲ ಮುಳ್ಳು; ನಾನು ಬಾಯಿ ಬಿಡುವುದಿಲ್ಲ.

ಗುಲ್ಸೆರೆನ್ ಬರುವುದು ಮಂಗಳವಾರ.
ಚಪ್ಪಲಿ ಬಿಟ್ಟು, ಗಡಿಯಾರ ಬಿಚ್ಚಿ,
ಒಮ್ಮೆಯಂತೂ ಕಿವಿಯೋಲೆಯನ್ನೂ.
ಚಳಿಗಾಲವಿಡೀ ಎಲೆಕೋಸು ಬೇಯಿಸಿದ ನೀರು.
ಆಮೇಲೆ ಬರೀ ಮಾಂಸ, ಬ್ರೆಡ್ಡು ಕಂಡರೆ ಹಾವು ಕಂಡಂತೆ.
ಆಮೇಲೆ ಯಾರೋ ಹೇಳಿದರಂತೆ,
ನಿಂಬೆರಸ, ಹೊಟ್ಟೆಗೆ ತಣ್ಣೀರು ಬಟ್ಟೆ.
ಆರು ಕಿಲೋ ಹೋಯಿತು. ಇಲ್ಲೇ ಕುಣಿದಳು.
ಹೋದದ್ದು ದಾರಿ ಕೇಳಿಕೊಂಡು
ಏಳಾಗಿ ವಾಪಸು ಬಂತು.

ಮುಳ್ಳು ಸುಳ್ಳಾಡದು. ಆದರೆ ಅದು ಬಲ್ಲದ್ದು ಭಾರ ಮಾತ್ರ.
ಬಾಚಣಿಗೆಗೆ ಸುತ್ತಿಕೊಂಡ ಕೂದಲು,
ಮೆಟ್ಟಿಲಲ್ಲಿ ತಲೆ ಸುತ್ತಿ ಕಂಬಿ ತಡಕಿದ ಕೈ,
ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೋಗಿ
ಕೇಕಿಗೆ ಬೆನ್ನು ಹಾಕಿ ಕೂತ ಸಂಜೆ
(ಅವಳೇ ಹೇಳಿದ್ದು)
ಯಾವ ಅಂಕಿಯಲ್ಲಿದೆ?

ಇವತ್ತು ನನ್ನ ಊಟದ ಹೊತ್ತಿಗೇ ಬಂದಳು.
ಡಬ್ಬಿಯಲ್ಲಿ ಕೆಂಪು ಬೇಳೆಯ ಸಾರು, ಗಟ್ಟಿ ಮೊಸರು,
ಅರ್ಧ ಬ್ರೆಡ್ಡು, ನಾಲ್ಕು ಆಲಿವ್, ಗುದ್ದಿ ಒಡೆದ ಈರುಳ್ಳಿ.
"ದಿನಾ ಇದೇನಾ?"
"ನಿನ್ನೆ ಪಾಲಕ್ ಇತ್ತು. ನಾಳೆ ಮೀನು ಅಗ್ಗವಾದರೆ ಮೀನು."
"ಇದಕ್ಕೇನು ಹೆಸರು, ಈ ಪಥ್ಯಕ್ಕೆ?"
"ಮಧ್ಯಾಹ್ನ," ಅಂದೆ.

ಬ್ರೆಡ್ಡು ಮುರಿದು ಕೊಟ್ಟೆ.
ಕಳ್ಳಿಯ ಹಾಗೆ ಸುತ್ತ ನೋಡಿ
ಸಾರಿಗೆ ಅದ್ದಿದಳು. ಮತ್ತೆ ಅದ್ದಿದಳು.
ಹಡಗು ಕೂಗಿದ್ದೇ ಓಡಿದಳು, ಬೆರಳು ನೆಕ್ಕುತ್ತ,
ಯಂತ್ರ ಹತ್ತುವುದನ್ನೇ ಮರೆತು.

ನನಗೆ ಒಂದು ನಾಣ್ಯ ನಷ್ಟ.
ಮುಂದಿನ ಮಂಗಳವಾರ
ಈರುಳ್ಳಿ ಎರಡು ತರಬೇಕು.