ಹೊಲಿಗೆ ನೋಡುವವಳು

ಪೆನೀಶ್ ಬಂದರಿನ ಹಿಂದಿನ ಓಣಿಯಲ್ಲಿ ನನ್ನದೊಂದು ಅಂಗಡಿ.
ಬಾಡಿಗೆಗೂ ಉಂಟು, ಮಾರಾಟಕ್ಕೂ.
ಅಲೆಯೇರಲು ಕಲಿಯಬಂದವರೆಲ್ಲ ಮೊದಲು ಕೈಯಿಡುವುದು
ಮೂಲೆಯ ಆ ಬಿಳಿ ಹಲಗೆಯ ಮೇಲೆ.
ಚೂಪು ಮೂತಿ, ಚೂರಿಯಂಥ ಅಂಚು, ಆರಡಿಯೂ ಇಲ್ಲ.
ಅದರ ಮೇಲೆ ಮಲಗಿದರೆ ಅದೂ ಮುಳುಗುತ್ತದೆ, ನೀವೂ.
ಹಾಗಂದರೆ ಮುಖ ಊದಿಸುತ್ತಾರೆ.

ಎತೆಲ್ವಿನಾ ಅದನ್ನು ನೋಡಲೂ ಇಲ್ಲ.
ಅಕ್ಟೋಬರಿನ ಮಂಗಳವಾರ, ನೊಣ ಹೊಡೆಯುವ ಹೊತ್ತು,
ಕೊಡೆಯನ್ನು ಹೊರಗೇ ಕೊಡವಿ ಒಳಬಂದವಳು
"ಅರವತ್ತಾರು ವರ್ಷ. ಎಪ್ಪತ್ನಾಲ್ಕು ಕಿಲೋ.
ಎಡ ಮಂಡಿ ಅಷ್ಟಕ್ಕಷ್ಟೆ. ಈಜು ಬರುತ್ತದೆ.
ಏನು ಬೇಕೋ ಕೊಡು," ಅಂದಳು,
ಔಷಧದಂಗಡಿಯಲ್ಲಿ ಚೀಟಿ ಚಾಚಿದ ಹಾಗೆ.

ಒಂಬತ್ತಡಿಯ ನೀಲಿ ಫೋಮ್ ಹಲಗೆ ಇಳಿಸಿದೆ.
ಬಾಗಿಲಿನಂಥದು, ಮುದಿ ಕತ್ತೆಯಷ್ಟು ಸಾಧು.
"ಇಷ್ಟು ದೊಡ್ಡದಾ?"
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ನೆಲದ ಮಾತು, ತಾಯಿ.
ನೀರಿನಲ್ಲಿ ತಿರುಗಾಮುರುಗಾ.
ಕಾಲೂರಲು ಬಾರದವರಿಗೇ ದೊಡ್ಡ ಹಾಸಿಗೆ.

ಬುಡದ ಮೂರು ರೆಕ್ಕೆಗಳನ್ನು
ಹುರುಳಿಕಾಯಿ ಎಳೆಯದೋ ಎಂದು ನೋಡುವಂತೆ ಬಗ್ಗಿಸಿದಳು.
ರಬ್ಬರಿನವು, ಅಂದೆ. ಗಟ್ಟಿಯವು ತೊಡೆ ಕೊಯ್ಯುತ್ತವೆ,
ನಿಮ್ಮದೋ, ಪಕ್ಕದವರದೋ.
ಹುರಿ ಹಲಗೆಯಷ್ಟೇ ಉದ್ದ; ಗಿಡ್ಡವಾದರೆ
ಹಲಗೆ ಚಿಮ್ಮಿ ಬಂದು ಹಲ್ಲು ಎಣಿಸುತ್ತದೆ.
ಕಟ್ಟುವುದು ಹಿಂದಿನ ಕಾಲಿಗೆ.
"ನನ್ನ ಹಿಂದಿನ ಕಾಲು ಯಾವುದು?"
ನಿಂತ ಮೇಲೆ ಗೊತ್ತಾಗುತ್ತದೆ.

ಆಮೇಲೆ ವೆಟ್‌ಸೂಟ್.
ಎದೆಗೆ ನಾಲ್ಕು ಮಿಲಿಮೀಟರ್, ಕೈಕಾಲಿಗೆ ಮೂರು.
ಇದು ಡಚ್ ಹೆಂಗಸೊಬ್ಬಳದು, ಒಂದೇ ಚಳಿಗಾಲ ತೊಟ್ಟದ್ದು,
ಹೊಸದೇ ಅನ್ನಿ, ತೊಂಬತ್ತು ಯೂರೋ...
ನಾನಿನ್ನೂ ಹೇಳುತ್ತಲೇ ಇದ್ದೆ.
ಅವಳು ಅದನ್ನು ಒಳಮೈ ಹೊರಮಾಡಿ
ಕಿಟಕಿಯ ಬೆಳಕಿಗೆ ಸ್ಟೂಲು ಎಳೆದು ಕೂತಳು.
ಹೆಬ್ಬೆರಳಿನ ಉಗುರು ಕಂಕುಳಿನಿಂದ ಹೊರಟು
ಹೊಲಿಗೆಯುದ್ದಕ್ಕೂ ನಡೆಯಿತು, ಅವಸರವಿಲ್ಲದೆ.
ಸೊಂಟದ ಹತ್ತಿರ ನಿಂತಿತು.

"ಇಲ್ಲಿ."

ನನಗೇನೂ ಕಾಣಲಿಲ್ಲ.
ಒಂದು ಲೋಟ ನೀರು ಕೇಳಿದಳು. ಆ ಜಾಗವನ್ನು
ಬೊಗಸೆಯಂತೆ ಮಡಚಿ ಸುರಿದಳು. ಕಾದೆವು.
ಆಚೆ ಬದಿಯಲ್ಲಿ ಸಾಸಿವೆಯಷ್ಟು ಒಂದು ಹನಿ.

ಮೂವತ್ತೇಳು ವರ್ಷ ಸಾರ್ಡೀನ್ ಕಾರ್ಖಾನೆಯಂತೆ.
ಅದರಲ್ಲಿ ಹತ್ತೊಂಬತ್ತು, ಡಬ್ಬಿಯ ಅಂಚು ತಡವಿ ನೋಡುವ ಮೇಜು.
ನಿಮಿಷಕ್ಕೆ ನಲವತ್ತು.
"ಒಂದು ಸೋರಿದರೆ ಇಡೀ ಪೆಟ್ಟಿಗೆ ನಾರುತ್ತದೆ,
ಮೇಸ್ತ್ರಿ ನಾರುವುದು ಅದಕ್ಕಿಂತ ಮೊದಲೇ."

ಗೂಟದ ಮೇಲಿದ್ದ ಹನ್ನೊಂದನ್ನೂ ಇಳಿಸಿಸಿದಳು.
ನಾಲ್ಕನ್ನು ನೆಲಕ್ಕೆ ಹಾಕಿದಳು. ಕೊನೆಗೆ ಆರಿಸಿದ್ದು
ಯಾರೂ ಮುಟ್ಟದ ಬೂದುಬಣ್ಣದ್ದು,
ಮೊಣಕೈಗೆ ಹಸಿರು ತೇಪೆ.
"ಇದನ್ನು ಹಾಕಿದವನಿಗೆ ಕೆಲಸ ಗೊತ್ತು," ಅಂದಳು.
ಹಾಕಿದ್ದು ನಾನೇ. ಹೇಳಲಿಲ್ಲ.
ನಲವತ್ತು ಯೂರೋ ಎಂದಷ್ಟೇ ಹೇಳಿದೆ,
ಮೇಣದ ಬಿಲ್ಲೆ ಸುಮ್ಮನೆ ಕೊಟ್ಟೆ.
ತಣ್ಣೀರಿನದು. ಮೂಸಿ ನೋಡಿ
ಮದುವೆ ಮನೆಯ ಸೋಪಿನ ವಾಸನೆ ಅಂದಳು.

ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದ್ದೂ ಹೌದು.
ಬಲಿಯಾಲ್ ಕಡಲತೀರಕ್ಕೆ ಹಿರಿಯರ ಪಾಸಿನಲ್ಲಿ ಬಸ್ಸು ಪುಕ್ಕಟೆ, ಅಂದಳು.
ಹಲಗೆಯನ್ನು ಬಸ್ಸಿಗೆ ಹತ್ತಿಸುವುದಿಲ್ಲ.
ಶನಿವಾರ ನನ್ನ ವ್ಯಾನಿನಲ್ಲೇ ಹೋದೆವು.

ಸೊಂಟದಷ್ಟು ನೀರು, ಒಡೆದುಬರುವ ನೊರೆ.
ಹೊಟ್ಟೆಯ ಮೇಲೆ ಮಲಗಿಯೇ ಬಂದಳು,
ಗಲ್ಲ ಎತ್ತಿ, ಬಾಯಿ ಬಿಗಿಹಿಡಿದು,
ಜಾರುಬಂಡೆಯ ಮೇಲಿನ ನ್ಯಾಯಾಧೀಶರಂತೆ.
ಒಮ್ಮೆ ಮಂಡಿಯೂರಿದಳು. ಬಿದ್ದಳು.
ಇನ್ನೊಮ್ಮೆ ಏನಾಯಿತೋ, ನೊರೆಯೊಳಗಿಂದ
ಅರ್ಧ ಕ್ಷಣ ಬೂದುಬಣ್ಣ ನೆಟ್ಟಗಾದದ್ದು ಕಂಡೆ
ಅಥವಾ ಕಂಡೆನೆಂದುಕೊಂಡೆ.

ದಡಕ್ಕೆ ಬಂದು ಜಿಪ್ಪು ಇಳಿಸಿ
ಕೈ ಒಳಗಿಟ್ಟು ಬೆನ್ನು, ಕಂಕುಳು, ಸೊಂಟ ತಡವಿದಳು.
"ಕತ್ತಿನಿಂದ ಬಂತು. ಹೊಲಿಗೆಯಿಂದಲ್ಲ."
ಮತ್ತೆ ಕೂತು, ನಡುಗುವ ಬೆರಳಲ್ಲಿ
ಬಲಗಾಲಿನ ಹುರಿ ಬಿಚ್ಚಿ
ಎಡಗಾಲಿಗೆ ಕಟ್ಟಿಕೊಂಡಳು.