ಕೊಸರು

ಬೇರೆಯವರ ಉಸಿರು ಎಣಿಸುವುದು ನನ್ನ ಕಸುಬು.
ಟೆಶಿಯ ಮರಳಿನ ಮೇಲೆ, ಬೆಳಕು ಹರಿಯುವ ಮೊದಲು,
ಹನ್ನೊಂದು, ಹನ್ನೆರಡು, ಇನ್ನೊಂದೇ ಒಂದು, ಬಿಡಬೇಡಿ,
ಅನ್ನುವ ಗಂಟಲು ಕಂಚಿನಂತೆ ಮೊಳಗುತ್ತದೆ.
ತಿಂಗಳ ಕೊನೆಗೆ ಅದೇ ಗಂಟಲು
ಎಂಬತ್ತು ಸೆಡಿ ಅನ್ನಲಾರದೆ
ಕೆಮ್ಮುತ್ತದೆ.

ಗೋಡೆಯ ಮೇಲೆ ಸರ್ಟಿಫಿಕೇಟಿದೆ, ಗಾಜು ಹಾಕಿಸಿದ್ದೇನೆ.
ಭುಜದ ಗೂಡು ಹಿಡಿದ ನಾಲ್ಕು ಸ್ನಾಯುಗಳ ಹೆಸರು
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು.
ದುಡ್ಡು ಕೇಳುವಾಗ ಕೈ ಎಲ್ಲಿಡಬೇಕು
ಎಂಬ ಪಾಠ ಆ ಪುಸ್ತಕದಲ್ಲಿರಲಿಲ್ಲ.

ಬ್ಯಾಂಕಿನ ಸೋವಾ ಸಾಹೇಬರು,
ಎರಡು ಟ್ರೋಟ್ರೋ ಬದಲಿಸಿ ನಾನು ಅವರ ಗೇಟು ಮುಟ್ಟುವ ಹೊತ್ತಿಗೆ,
ಮೆಸೇಜು ಕಳಿಸುತ್ತಾರೆ: ಇವತ್ತು ಬೇಡಪ್ಪ ಓಫೊಲಿ, ನಿದ್ದೆ.
ಪರವಾಗಿಲ್ಲ ಸರ್ ಅಂತ ಬರೆದು,
ಜೊತೆಗೊಂದು ನಗುವ ಮುಖವನ್ನೂ ಒತ್ತಿ,
ವಾಪಸ್ಸು ಬರುವ ವ್ಯಾನಿನ ಕಿಟಕಿಗೆ ತಲೆ ಆನಿಸುತ್ತೇನೆ.
ಆ ನಗುವ ಮುಖಕ್ಕೆ ಎಷ್ಟು ಚಾರ್ಜು ಹಾಕಬೇಕಿತ್ತೋ.

ಮಂಗಳವಾರ ಕಡಲಿಗೆ ರಜೆ.
ದೋಣಿ ಇಳಿಸಬಾರದು, ಹಿರಿಯರ ಕಟ್ಟಳೆ.
ಹಾಗಾಗಿ ಡೆಡೆಯ್ ಬಂದದ್ದು ಮಂಗಳವಾರ.
ಮೂವತ್ತು ವರ್ಷ ಮೀನಿನ ಬೋಗುಣಿ ಹೊತ್ತ ತಲೆ,
ಕಿವಿಯೆತ್ತರಕ್ಕೆ ಬಂದು ನಿಂತುಬಿಡುವ ಬಲತೋಳು.
ಮೊದಲು ಡಾಕ್ಟರ ಚೀಟಿ ಓದಿದೆ, ಆಮೇಲೆ ತೋಳು ಮುಟ್ಟಿದೆ.
'ಎಷ್ಟು?' ಅಂದಳು.
'ನಿಮಗೆ ತೋಚಿದಷ್ಟು ಕೊಡಿ, ತಾಯಿ.'

ಮರಳು ತುಂಬಿದ ಬಾಟಲಿಯನ್ನು ಕೆಳಗಿಟ್ಟಳು.
'ತೋಚಿದಷ್ಟಾ?
ದಡಕ್ಕೆ ಬಂದ ಬುಟ್ಟಿಯ ಮುಂದೆ ನಿಂತು ನಾನು ಹಾಗಂದಿದ್ದರೆ
ನನ್ನ ಆರು ಮಕ್ಕಳು ಬಲೆ ನೆಕ್ಕಿಕೊಂಡು ಬೆಳೆಯುತ್ತಿದ್ದವು.
ಬೆಲೆ ಹೇಳು. ಹೇಳಿ ಬಾಯಿ ಮುಚ್ಚು.
ಮುಂದೆ ಮೊದಲು ಮಾತಾಡಿದವನು ಸೋತ.'

ಎಂಬತ್ತು, ಅಂದೆ. ಬಾಯಿ ಮುಚ್ಚಿದೆ.
ಅಬ್ಬಾ, ಏನು ಭಾರ ಅದು!
ಮೊಣಕೈಯೂರಿ ಇಡೀ ಮೈ ಎತ್ತಿ ಹಿಡಿದಂತೆ
ಹೊಟ್ಟೆಯ ತಳ ನಡುಗುತ್ತದೆ.
ಎಷ್ಟು ಜನರಿಗೆ ಇದನ್ನು ಮಾಡಿಸಿದ್ದೆ,
ನಾನು ಮಾಡಿರಲಿಲ್ಲ.

'ಮತ್ತೆ ಕೊಸರು,' ಅಂದಳು ಹೊರಡುವಾಗ,
'ದುಡ್ಡು ಕೈಗೆ ಬಂದ ಮೇಲೆ ಒಂದು ಮೀನು ಹೆಚ್ಚಿಗೆ ಹಾಕು.
ಮೊದಲೇ ಹಾಕಿದೆಯೋ,
ಮೀನು ಕೆಟ್ಟಿದೆ ಅಂದುಕೊಳ್ಳುತ್ತಾರೆ.'

ಒಂದು ನೋಟ್‌ಬುಕ್ಕು ಕೊಂಡೆ.
ಎಡಕ್ಕೆ ಬಂದದ್ದು; ಬಲಕ್ಕೆ ವ್ಯಾನು, ನೀರು, ಹರಿದ ಚಾಪೆ.
ಹೋದ ವರ್ಷದ್ದನ್ನೂ ನೆನಪಿನಿಂದ ತುಂಬಿಸಹೋಗಿ
ಜೂನಿಗೆ ನಿಲ್ಲಿಸಿದೆ.
ಸೋವಾ ಸಾಹೇಬರಿಗೆ ಹೇಳಿದೆ:
ಹಿಂದಿನ ರಾತ್ರಿ ಎಂಟರೊಳಗೆ ತಿಳಿಸದಿದ್ದರೆ ಅರ್ಧ ಕೊಡಬೇಕು.
ಬಹಳ ಒಳ್ಳೆಯ ನಿಯಮ ಅಂದರು, ಬೆನ್ನು ತಟ್ಟಿದರು,
ಮತ್ತೆ ಫೋನು ಎತ್ತಲಿಲ್ಲ.
ಆ ತಿಂಗಳು ಕೆಂಕೆಗೆ ಬರೀ ಮೆಣಸು ನೆಂಚಿಕೊಂಡೆ.
ಇದೂ ಬರುತ್ತದೆಂದು ಡೆಡೆಯ್ ಹೇಳಿರಲಿಲ್ಲ.
ಅವಳ ಒಲೆಯಲ್ಲಿ ಮೀನು ಹೊಗೆಯಾಡಿಸುವ ಇಬ್ಬರು
ಮಂಡಿನೋವು ಹಿಡಿದುಕೊಂಡು ಬಂದದ್ದು
ಅದರ ಮುಂದಿನ ತಿಂಗಳು.

ಸೆಪ್ಟೆಂಬರಿನಲ್ಲೊಂದು ಮಂಗಳವಾರ
ಅವಳ ತೋಳು ಕಿವಿ ದಾಟಿತು.
ತಾನೇ ನಂಬದೆ ಇನ್ನೊಮ್ಮೆ ಎತ್ತಿದಳು,
ತಲೆವಸ್ತ್ರದ ಗಂಟನ್ನು ತಾನೇ ಬಿಚ್ಚಿ, ತಾನೇ ಕಟ್ಟಿದಳು,
ಮತ್ತೆ ಬಿಚ್ಚಿದಳು.
'ಇನ್ನು ಹತ್ತು ದಿನಕ್ಕೆ ಎಷ್ಟು?'
ಹೇಳಿದೆ.
'ನನಗೂ ಅಷ್ಟೇನಾ? ನಿನಗೆ ನಾಲಿಗೆ ಕೊಟ್ಟವಳಿಗೆ?'

ಬಾಯಿ ಮುಚ್ಚಿದೆ.
ಎಳೆದಿಟ್ಟ ದೋಣಿಗಳ ಆಚೆ ಒಂದು ಅಲೆ ಮುರಿಯಿತು.
ಒಳಗೊಳಗೇ ಎಣಿಸಿದೆ, ಏಳು, ಎಂಟು,
ಬಿಡಬೇಡ ಓಫೊಲಿ, ಇನ್ನೊಂದೇ ಒಂದು.
ಹನ್ನೊಂದಕ್ಕೆ ಅವಳು ನಕ್ಕುಬಿಟ್ಟಳು.
ಸೊಂಟದ ಗಂಟಿನಿಂದ ನೋಟು ಬಿಡಿಸಿ ಎಣಿಸಿದಳು,
ಒಂದೊಂದಕ್ಕೂ ಹೊಗೆಮೀನಿನ ವಾಸನೆ.

ಬರೆದುಕೊಂಡೆ. ಶಾಯಿ ಆರಲಿ ಅಂತ ಊದಿದೆ.
ಆಮೇಲೆ 'ಕೂತುಕೊಳ್ಳಿ' ಅಂದು
ಅವಳ ಬೆನ್ನಿನ ರೆಕ್ಕೆಮೂಳೆಯಡಿಯ ಹಳೆಯ ಗಂಟಿಗೆ
ಹೆಬ್ಬೆರಳು ಒತ್ತಿದೆ,
ಲೆಕ್ಕಕ್ಕಿಲ್ಲದ ಐದು ನಿಮಿಷ.