ಬಡಿದು ಕೇಳುವ ಕೆಲಸ

ಹೊಸದುರ್ಗ ರಸ್ತೆಯ ತೆಂಗಿನಹಾಲಿನ ಫ್ಯಾಕ್ಟರಿಯಲ್ಲಿ
ನನ್ನ ಕೆಲಸ ಬಡಿಯುವುದು.
ಕೈಯಲ್ಲೊಂದು ಸ್ಟೀಲು ಕಡ್ಡಿ, ತುದಿಗೆ ಗೋಲಿಯಷ್ಟು ಗುಂಡು.
ಡಬ್ಬಿಯ ಮುಚ್ಚಳಕ್ಕೆ ಒಂದೇ ಏಟು. ಕಿವಿ ಕೊಡು. ಮುಂದಿನದು.
ಟಿಣ್ ಅಂದರೆ ಒಳಗೆ ಗಾಳಿಯಿಲ್ಲ.
ಡಬ್ ಅಂದರೆ ಎತ್ತಿ ಪಕ್ಕಕ್ಕಿಡು.

ಸೇರಿದ ದಿನ ಪಾಲಾಕ್ಷಪ್ಪನವರು ಕೇಳಿದ್ದರು,
ಇದನ್ನೆಲ್ಲ ಮೊದಲು ಎಲ್ಲಿ ಕಲಿತೆ?
ಕುಂಬಾರರ ಓಣಿಯಲ್ಲಿ, ಅಂದೆ. ನಕ್ಕರು.
ನಿಜ ಸಾರ್, ನಮ್ಮತ್ತೆ ಒಂದು ಗಡಿಗೆ ಕೊಳ್ಳಲು
ಹದಿನೇಳಕ್ಕೆ ಬೆರಳಗಂಟು ತಾಕಿಸುತ್ತಿದ್ದಳು.
ಆಕೆ ತಿರುವಿನಲ್ಲಿ ಕಂಡರೆ ಸಾಕು, ತಿಪ್ಪಣ್ಣ
ಒಡಕಿನವನ್ನು ತಾನೇ ಹಿತ್ತಲಿಗೆ ಸಾಗಿಸುತ್ತಿದ್ದ.

ನಮ್ಮ ಮಿಷನ್ನಿಗೆ ಆರು ತಲೆ.
ಕಾದ ಹಾಲು ಕೊಳವೆಯಿಂದಿಳಿದು ಕಂಠದ ಹತ್ತಿರ ನಿಲ್ಲುತ್ತದೆ,
ಮೇಲೆ ಅರ್ಧ ಬೆರಳು ಜಾಗ.
ಆ ಜಾಗಕ್ಕೆ ಒಂದುಸಿರು ಹಬೆ, ತಟ್ಟನೆ ಮುಚ್ಚಳ,
ಮೊದಲ ಉರುಳೆ ಎರಡೂ ಅಂಚನ್ನು ಒಂದರೊಳಗೊಂದು ಮಡಿಸುತ್ತದೆ,
ಎರಡನೆಯದು ಒತ್ತಿ ಇಸ್ತ್ರಿ ಮಾಡುತ್ತದೆ.
ಕಡುಬಿನ ಅಂಚು ಮಡಿಸಿದವಳಿಗೆ ಇದರಲ್ಲಿ ಹೊಸದೇನಿಲ್ಲ,
ವೇಗ ಒಂದು ಬಿಟ್ಟರೆ.
ನಿಮಿಷಕ್ಕೆ ತೊಂಬತ್ತು.

ಗುರುವಾರ ರಾತ್ರಿ ಪಾಳಿ.
ಹಬೆಯ ಹಂಡೆಯಲ್ಲಿ ಬೆಂದು, ನೀರಲ್ಲಿ ತಣಿದು ಬಂದ ಸಾಲು.
ಟಿಣ್ ಟಿಣ್ ಟಿಣ್ ಟಿಣ್
ಡಬ್.
ಒಂದು ತಾನೆ, ಹೋಗಲಿ, ಎತ್ತಿಟ್ಟೆ.
ಮುಂದಿನ ಸಾಲು ಮುಗಿಯುವಷ್ಟರಲ್ಲಿ ಮತ್ತೊಂದು.
ಅಳತೆಯ ಪರದೆ ಮಾತ್ರ ಹಸಿರು ತೋರುತ್ತಲೇ ಇತ್ತು.
ನಿನ್ನ ಕಿವಿಗೆ ನಿದ್ದೆ ಹತ್ತಿದೆ ಕರಿಬಸಮ್ಮ,
ಅಂದರು ಪಾಲಾಕ್ಷಪ್ಪ, ಆಕಳಿಸುತ್ತ.

ದಾದಾಪೀರ್ ಸಾಹೇಬರು ಏನೂ ಅನ್ನಲಿಲ್ಲ.
ಹರಿಹರದ ಮುಚ್ಚಿದ ಕಾರ್ಖಾನೆಯಿಂದ ಬಂದವರು,
ಎಡಗೈಗೆ ನಾಲ್ಕೂವರೆ ಬೆರಳು.
ಡಬ್ಬಿಯನ್ನು ಕತ್ತರಿಸಿ, ಅಂಚಿನ ಚೂರೊಂದನ್ನು
ದೀಪಕ್ಕೆ ಹಿಡಿದು, ಕನ್ನಡಕ ಹಣೆಗೇರಿಸಿ,
ಬಹಳ ಹೊತ್ತು ನೋಡಿದರು.
ನಾಲ್ಕನೇ ತಲೆ, ಅಂದರು. ಉರುಳೆ ಸವೆದೈತೆ.
ಎಷ್ಟು?
ಒಂದು ಕೂದ್ಲು. ನೋಡಮ್ಮ ಇಲ್ಲಿ,
ಎರಡು ಕೊಕ್ಕೆನೂ ಹಿಡಿದಂಗೆ ಮಾಡ್ಯಾವೆ,
ಹಿಡಿದಿಲ್ಲ.

ಮಿಷನ್ ನಿಲ್ಲಿಸಿದರು.
ಮೂರು ವರ್ಷದಲ್ಲಿ ಅಂಥ ಸದ್ದಿಲ್ಲದ ಹೊತ್ತು ನಾನು ಕೇಳಿರಲಿಲ್ಲ.
ಆಗ ಗೋದಾಮಿನ ಕತ್ತಲಲ್ಲಿ, ತಣಿಯುತ್ತಿದ್ದ ಡಬ್ಬಿಗಳು
ಒಂದೊಂದಾಗಿ ಮುಚ್ಚಳ ಒಳಗೆಳೆದುಕೊಂಡವು,
ಟಕ್
ಟಕ್, ದೂರದಲ್ಲೊಂದು,
ಮತ್ತೆ ಕಾಲ ಬಳಿ, ಟಕ್.
ಮೂವರೂ ನಿಂತು ಕೇಳಿದೆವು.
ಪಾಲಾಕ್ಷಪ್ಪನವರ ಆಕಳಿಕೆ ಅರ್ಧಕ್ಕೇ ನಿಂತಿತ್ತು.

ಆರಕ್ಕೊಂದು ಎಂದು ಎಣಿಸಿ ತೆಗೆಯಲಾಗದು.
ಬೇಯುವಾಗ ಸಾಲು ಕಲೆಸಿಹೋಗಿರುತ್ತದೆ,
ನಾಲ್ಕನೆಯದರ ಮಗು ಯಾವುದೆಂದು
ಯಾವ ಡಬ್ಬಿಯ ಹಣೆಯಲ್ಲೂ ಬರೆದಿಲ್ಲ.
ಒಂದು ಗಂಟೆಯ ಮಾಲು, ಐದು ಸಾವಿರದ ನಾನೂರು.
ಬಡಿದೆ.
ಎರಡು ಸಾವಿರದ ಹತ್ತಿರ ಬಲಗೈ ಸೋತಿತು, ಎಡಗೈಗೆ ಬದಲಿಸಿದೆ.
ಮೂರು ಸಾವಿರಕ್ಕೆ ಸಾಹೇಬರು ಫ್ಲಾಸ್ಕಿನ ಚಹಾ ಹಿಡಿದು ನಿಂತರು.
ಬಟ್ಟಲಿಗೂ ಒಂದೇಟು ಹೊಡೆದುಬಿಟ್ಟೆ,
ಅವರು, ಇದು ಪಾಸಾಯ್ತೇನಮ್ಮ, ಅಂದರು.

ಬೆಳಗಿನ ಹೊತ್ತಿಗೆ ಎತ್ತಿಟ್ಟದ್ದು ಇನ್ನೂರ ಹನ್ನೊಂದು.
ಉಳಿದವನ್ನೂ ಬಿಸಿ ಕೋಣೆಯಲ್ಲಿ ಹದಿನೈದು ದಿನ ಇಡಿ,
ಎಂದರು ಸಾಹೇಬರು, ಉಬ್ಬದಿದ್ದರೆ ಆಮೇಲೆ ಮಾತು.
ಮಾಲೀಕರ ಅಳಿಯ ಫೋನಿನಲ್ಲಿ ಕೂಗಿದ್ದು
ಪಾಲಾಕ್ಷಪ್ಪನವರ ಕಿವಿಯಾಚೆಗೂ ಕೇಳಿಸಿತು.
ಅದಕ್ಕೆ ಕಡ್ಡಿ ಬೇಕಿರಲಿಲ್ಲ.

ಬಸ್ಸಿಳಿದಾಗ ಗುಡ್ಡದ ಗಾಳಿಗಿರಣಿಗಳ ಕೆಂಪು ದೀಪ
ಇನ್ನೂ ಮಿನುಗುತ್ತಿದ್ದವು.
ಮನೆಯಲ್ಲಿ ನಿನ್ನೆಯ ಹಾಲು,
ಕಾಯಿಸಿ ತಟ್ಟೆ ಮುಚ್ಚಲು ಮರೆತಿದ್ದ ಅರ್ಧ ಲೀಟರು,
ಒಲೆ ಮೇಲೆ ಒಡೆದು ಕೂತಿತ್ತು.
ಬೈಯಲು ಬಾಯಿ ತೆರೆದೆ.
ಅಷ್ಟರಲ್ಲಿ ಮಗಳು ಅದಕ್ಕೆ ಬೆಲ್ಲ ಹಾಕಿ ತಿರುವಿ,
ಚಮಚ ನನ್ನ ಕೈಗೆ ಕೊಟ್ಟು,
ರುಚಿ ನೋಡವ್ವ, ಅಂದಳು,
ಬಡೀಬೇಡ.